ತಿಪ್ಪವ್ವನ ಮುಖದ ದೆವ್ವ

ನಮ್ಮ ಮನೆಯಲ್ಲಿ ಚಹಾ ಕುಡಿಯುವ ಲೋಟಕ್ಕೂ ಕುಂಚ ತೊಳೆಯುವ ಲೋಟಕ್ಕೂ ನಡುವೆ ಗಡಿರೇಖೆಯೆಂಬುದು ಎಂದೂ ಇದ್ದದ್ದಿಲ್ಲ. ಎಲ್ಲವೂ ಒಂದೇ ದಿನ ಒಂದೇ ಅಂಗಡಿಯಿಂದ ಬಂದ ಸ್ಟೀಲಿನ ಲೋಟಗಳು. ಯಾವುದಕ್ಕೆ ಯಾವ ಉದ್ಯೋಗವೆಂಬುದು ಆಯಾ ಮುಂಜಾನೆಯ ಅವಸರದ ಮೇಲೆ ತೀರ್ಮಾನವಾಗುತ್ತದೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಪತ್ರಿಕೆ ಓದುತ್ತ ಕೈ ಚಾಚಿ, ಸಿಕ್ಕ ಲೋಟವನ್ನೆತ್ತಿ ಎರಡು ಗುಟುಕು ಇಳಿಸಿದ ಮೇಲೆಯೇ ನಾಲಗೆ ನೀಲಿಯಾದದ್ದು ನನಗೆ ತಿಳಿಯಿತು. ನನ್ನ ಹೆಂಡತಿ ಮಲ್ಲಮ್ಮ ಗಾಬರಿಯಾದಳೆಂದು ನೀವು ಎಣಿಸಿದ್ದರೆ, ಗೆಳೆಯರೆ, ಅವಳನ್ನು ನೀವು ಅರಿತಿಲ್ಲ. "ಅದು ಕೃಷ್ಣನ ಮೈಬಣ್ಣ ಐತ್ರಿ, ಏನೂ ಆಗಂಗಿಲ್ಲ. ಉಳದದ್ದು ಅಲ್ಲೇ ಇಡ್ರಿ, ಇನ್ನೂ ತೋಳು ಬಾಕಿ ಅದಾವು," ಎಂದು ಹೇಳಿ ಮತ್ತೆ ಹಲಗೆಯತ್ತ ತಿರುಗಿದಳು. ಅಂದೇ ನಾನು ಎಂಥ ಮನೆಗೆ ಅಳಿಯನಾಗಿದ್ದೇನೆಂಬುದು ನನಗೆ ಮನವರಿಕೆಯಾಯಿತು.

ನಾನು ಶಹಾಪುರದ ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಅವಳು ಸುರಪುರದ ಚಿತ್ರಗಾರನ ಮಗಳು. ನಮ್ಮ ಮಾವನವರು ಹಳೆಯ ಸುರಪುರದ ಪದ್ಧತಿಯಲ್ಲಿ ದೇವರ ಪಟಗಳನ್ನು ಬರೆಯುತ್ತಿದ್ದರು: ಅಂಟು ಅರೆದು, ಬಣ್ಣ ಅರೆದು, ಕೂದಲೆಳೆಯ ಕುಂಚದಲ್ಲಿ ಒಡವೆಯ ಒಂದೊಂದು ಮಣಿಯನ್ನೂ ತಿದ್ದಿ, ಕೊನೆಗೆ ಬಂಗಾರದ ರೇಕು ಹಚ್ಚುವ ಕೆಲಸ. ಆ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಪಟದ ಮೇಲೆ ಬರೆದವನ ಹೆಸರು ಹಾಕಬಾರದು. ದೇವರ ಪಾದದ ಬಳಿ ಮನುಷ್ಯನ ಹೆಸರಿಗೆ ಏನು ಕೆಲಸವೆಂಬುದು ಅವರ ವಾದ. ಕೇಳಲಿಕ್ಕೆ ಬಹಳ ಘನವಾದ ಮಾತು; ನಾನೂ ತುಂಬ ಕಾಲ ಅದನ್ನು ಮೆಚ್ಚಿಕೊಂಡೇ ಇದ್ದೆ.

ಮಾವನವರು ತೀರಿಹೋದ ಕೆಲವು ವರ್ಷಗಳ ಮೇಲೆ ಒಂದು ಮದುವೆಗೆಂದು ನಾವಿಬ್ಬರೂ ಕಕ್ಕೇರಾಕ್ಕೆ ಹೋಗಿದ್ದೆವು. ಇಳಿದುಕೊಂಡ ಮನೆಯ ಪಡಸಾಲೆಯಲ್ಲಿ ಒಂದು ಗಜಲಕ್ಷ್ಮಿಯ ಪಟ. ಮಲ್ಲಮ್ಮ ಅದರ ಮುಂದೆ ನಿಂತವಳು ನಿಂತೇಬಿಟ್ಟಳು. ಅದು ಅವಳ ಅಪ್ಪನ ಕೈ. ಮೇಲಿನ ಮೂಲೆಯ ಮೋಡದ ಸುರುಳಿಯನ್ನಂತೂ ಎಂಟು ವರ್ಷದ ಹುಡುಗಿಯಾಗಿ ಇವಳೇ ತುಂಬಿದ್ದು. ಮನೆಯ ಯಜಮಾನರು ಹೆಮ್ಮೆಯಿಂದ ಬಂದು, "ಹೈದರಾಬಾದಿಂದು ತಸ್ವೀರು, ನಮ್ಮಜ್ಜ ತಂದಿದ್ದ. ಇಲ್ಲೆ ನಮ್ಮ ಕಡಿ ಯಾರು ಬರೀತಾರ್ರಿ ಇಂಥಾದ್ದು?" ಎಂದರು. ಇವಳು ಸೆರಗಿನಿಂದ ಚೌಕಟ್ಟಿನ ಧೂಳು ಒರೆಸಿದಳು. ಅಪ್ಪನದೆಂದು ಹೇಳಿದರೆ ತೋರಿಸಲಿಕ್ಕೆ ಪಟದ ಮೇಲೆ ಏನಿತ್ತು? ಬಸ್ಸಿನಲ್ಲಿ ಶಹಾಪುರದವರೆಗೂ ಕಿಟಕಿಯ ಆಚೆ ನೋಡುತ್ತ ಕೂತವಳು, ಇಳಿಯುವ ಹೊತ್ತಿಗೆ ಒಂದೇ ಮಾತು ಹೇಳಿದಳು: "ನಾ ಸಾಯೋದರೊಳಗ ಒಂದು ಚಿತ್ರದ ಮ್ಯಾಲರೆ ನನ್ನ ಹೆಸರು ಇರಬೇಕ್ರಿ." ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ತನಗಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅದನ್ನು ಕೊಡುವುದು ನನ್ನ ಕೈಯಲ್ಲಿರಲಿಲ್ಲ.

ಹೆಸರಿನ ವಿಷಯದಲ್ಲಿ ಅವಳಿಗಾದ ಅನ್ಯಾಯ ಎಷ್ಟು ವಿಚಿತ್ರವಾದದ್ದೆಂಬುದನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಕಾಲುವೆಗೆ ನೀರು ಬರುವ ಮುಂಚೆ ನಮ್ಮ ಕಡೆ ಯಾರಿಗೂ ಫಲಕ ಬೇಕಿರಲಿಲ್ಲ. ಜೋಳದ ಹೊಲ ಯಾರದೆಂದು ಜೋಳಕ್ಕೇ ಗೊತ್ತಿರುತ್ತಿತ್ತು, ಅಂಗಡಿ ಯಾರದೆಂದು ಕಟ್ಟೆಯ ಮೇಲೆ ಕೂತವರ ಮುಖ ಹೇಳುತ್ತಿತ್ತು. ನೀರು ಬಂತು, ಭತ್ತ ಬಂತು, ಗೊಬ್ಬರದಂಗಡಿ, ಟ್ರ್ಯಾಕ್ಟರು, ಲಾಡ್ಜು, ಅಕ್ಕಿ ಗಿರಣಿ ಬಂದವು. ಎಲ್ಲಕ್ಕೂ ಹೆಸರು ಬರೆಯಿಸುವ ಹುಚ್ಚು ಹತ್ತಿತು. ದೇವರ ಪಟಗಳನ್ನು ಕ್ಯಾಲೆಂಡರುಗಳು ನುಂಗಿ ಹಾಕಿದ್ದ ಕಾಲದಲ್ಲಿ ಮಲ್ಲಮ್ಮ ಫಲಕ ಬರೆಯಲು ಏಣಿ ಹತ್ತಿದಳು. ಕಾಲುವೆಯ ಕಿಲೋಮೀಟರ್ ಕಲ್ಲುಗಳ ಅಂಕಿ ಅವಳದು, ತೂಬಿನ ಪಕ್ಕದ 'ಇಲ್ಲಿ ಈಜಬಾರದು' ಅವಳದು, ಯಾದಗಿರಿಯ ದಾರಿಯ ಅರ್ಧ ಅಂಗಡಿಗಳ ನೆತ್ತಿಯ ಮೇಲಿನ ಅಕ್ಷರ ಅವಳದು. ನಮ್ಮ ಬಾಗಿಲ ಮೇಲೆ ನನ್ನ ಹೆಸರನ್ನೂ ಅವಳೇ ಬರೆದಿದ್ದಾಳೆ, ನೆರಳು ಕೊಟ್ಟು, ಎರಡು ಬಣ್ಣದಲ್ಲಿ. ಮೂರು ತಾಲೂಕಿನ ಗಂಡಸರೆಲ್ಲ ಅವಳ ಕೈಯಲ್ಲಿ ಅಕ್ಷರವಾದರು. ತನ್ನ ಹೆಸರನ್ನು ಮಾತ್ರ ಅವಳು ಎಲ್ಲಿಯೂ ಬರೆಯಲಿಲ್ಲ, ಬರೆಯಿರೆಂದು ಯಾರೂ ಹೇಳಲೂ ಇಲ್ಲ. ಹೇಳದವರ ಪಟ್ಟಿಯಲ್ಲಿ ನಾನೂ ಇದ್ದೇನೆ, ಅದನ್ನು ಮುಚ್ಚಿಡುವುದಿಲ್ಲ.

ಇಂಥ ಹೊತ್ತಿನಲ್ಲಿ ಗೋಗಿಯ ಭೀಮಣ್ಣ ನಮ್ಮ ಮನೆಗೆ ಬಂದ. ಕಲಬುರಗಿಯಲ್ಲಿ ಚಿತ್ರಕಲೆ ಕಲಿತು, ಮುಂಬಯಿಯ ಗ್ಯಾಲರಿಗಳ ಮೆಟ್ಟಿಲು ಹತ್ತಿಳಿದು, ತನ್ನ ಒಂದು ಚಿತ್ರವನ್ನೂ ಅಲ್ಲಿ ತೂಗು ಹಾಕಲಾಗದೆ, ನಲವತ್ತರ ಹತ್ತಿರ ಊರಿಗೆ ಮರಳಿದ ಮನುಷ್ಯ. ಆ ಸಿಟ್ಟನ್ನೆಲ್ಲ ಒಂದು ಸಿನಿಮಾ ಮಾಡುತ್ತೇನೆಂದು ಹೊರಟಿದ್ದ. ಹೆಸರು 'ಬಣ್ಣ ಕುಡಿದ ಗೋಡೆ'. ಕಥೆ ಹೀಗೆ: ಬಡ ಚಿತ್ರಗಾರನೊಬ್ಬನ ಚಿತ್ರಗಳನ್ನು ದೊಡ್ಡ ನಗರದ ವಿಮರ್ಶಕರು ಕಸವೆಂದು ಹಳಿಯುತ್ತಾರೆ, ಅವನು ಸತ್ತ ಮೇಲೆ ಅವೇ ಚಿತ್ರಗಳಿಗೆ ಮುಗಿಬೀಳುತ್ತಾರೆ, ಆಗ ಒಂದು ಚಿತ್ರದೊಳಗಿನ ಮುದುಕಿ ಚೌಕಟ್ಟಿನಿಂದ ಹೊರಬಂದು ಕೊಂಡವರನ್ನೂ ಕೊಂಡಾಡಿದವರನ್ನೂ ಒಬ್ಬೊಬ್ಬರನ್ನಾಗಿ ನುಂಗುತ್ತಾಳೆ. ಹೆದರಿಕೆಯೂ ಆಗಬೇಕು, ನಗುವೂ ಬರಬೇಕು ಎಂದು ಅವನ ಲೆಕ್ಕಾಚಾರ. ಬಂಡವಾಳದ ಕತೆ ಕೇಳಬೇಡಿ. ಅವನ ಚಪ್ಪಲಿ ನೋಡಿದರೇ ತಿಳಿಯುತ್ತಿತ್ತು.

ಅವನಿಗೆ ಹನ್ನೆರಡು ಚಿತ್ರಗಳು ಬೇಕಾಗಿದ್ದವು. ಕೊಡಲಿಕ್ಕೆ ಏನೂ ಇಲ್ಲವೆಂಬುದನ್ನು ಅವನು ಹೇಳುವ ಮುಂಚೆಯೇ ಮಲ್ಲಮ್ಮ ಕೇಳಿದಳು: "ಸಿನಿಮಾದಾಗ ನನ್ನ ಹೆಸರು ಹಾಕತೀಯೇನಪಾ?"

"ಪರದೆ ತುಂಬ ಹಾಕತೀನಿ ಯಕ್ಕಾ. ಚಿತ್ರಗಳು: ಮಲ್ಲಮ್ಮ, ಸುರಪುರ. ಇಡೀ ಪರದೆಗೆ ನಿಂದೊಂದ ಹೆಸರು."

ಅವಳು ಎದ್ದು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಒಪ್ಪಿಗೆ ಕೊಡುವ ರೀತಿ ಅವಳದು ಅದು.

ದೆವ್ವದ ಚಿತ್ರವೇ ಕೊನೆಗೆ ಉಳಿಯಿತು. ಎಂಥ ಮುಖ ಬರೆಯಬೇಕೆಂದು ಭೀಮಣ್ಣನನ್ನು ಕೇಳಿದರೆ ಅವನು ಹಲ್ಲು, ಕೆದರಿದ ಕೂದಲು, ಕೆಂಪು ಕಣ್ಣು ಎಂದೆಲ್ಲ ಕೈ ಆಡಿಸಿ ವಿವರಿಸಿದ. ಇವಳು ತಲೆಯಾಡಿಸಿದಳು, ಆದರೆ ಬರೆದದ್ದು ಫಲಕ ಬರೆಯಲು ಹೋದಾಗ ಕಂಡಿದ್ದ ಗೋಗಿಯ ಸೂಲಗಿತ್ತಿ ತಿಪ್ಪವ್ವನ ಮುಖವನ್ನು. ಸುಕ್ಕು ಸುಕ್ಕಾದ ಕೆನ್ನೆ, ಹಣೆಯ ಅಗಲ ಕುಂಕುಮ, ಮೂಗಿನ ಎರಡೂ ಕಡೆ ನತ್ತು, ಗದರಿಸಲು ಸಿದ್ಧವಾದ ಹುಬ್ಬು. ಇದೇನೆಂದು ನಾನು ಬೆರಗಾಗಿ ಕೇಳಿದೆ.

"ಅಂವಗ ದೊಡ್ಡ ದೊಡ್ಡ ಮಂದಿ ಅಂಜೋ ಮಾರಿ ಬೇಕಾಗೇತ್ರಿ," ಎಂದಳು ಕುಂಚ ನಿಲ್ಲಿಸದೆ. "ಆ ಊರಾಗ ಹುಟ್ಟಿದವ್ರೆಲ್ಲ ಕಣ್ಣು ಬಿಟ್ಟು ಮೊದಲ ನೋಡಿದ್ದು ಅಕಿ ಮಾರಿನ. ನೋಡಿ ಎಲ್ಲಾರೂ ಅತ್ತಾರ. ಅದಕ್ಕಿಂತ ದೊಡ್ಡ ಅಂಜಿಕಿ ಯಾವದೈತಿ?"

ನಿಜ ಹೇಳಬೇಕೆಂದರೆ ಅವಳಿಗೆ ಕೆಟ್ಟದಾಗಿ ಬರೆಯಲು ಬರುವುದೇ ಇಲ್ಲ. ಅಪ್ಪನ ಮನೆಯಲ್ಲಿ ಅವಳು ಕಲಿತದ್ದು ಪೂಜಿಸುವ ಮುಖಗಳನ್ನು; ಆ ಕೈಗೆ ದೆವ್ವವನ್ನು ಕೊಟ್ಟರೂ ಅದಕ್ಕೊಂದು ಗೌರವ ಬಂದುಬಿಡುತ್ತದೆ. ಕಲೆಯಲ್ಲಿ ಇದೂ ಒಂದು ದೋಷವೇ ಇರಬಹುದು. ನಾನಂತೂ ಅದನ್ನು ದೋಷವೆಂದು ಒಪ್ಪುವವನಲ್ಲ.

ಶೂಟಿಂಗು ನಡೆದದ್ದು ಶಹಾಪುರದ ಒಂದು ಹಳೆಯ ಹತ್ತಿ ಗೋದಾಮಿನಲ್ಲಿ. ಸುಣ್ಣ ಬಳಿದು, ಹನ್ನೆರಡು ಚಿತ್ರ ತೂಗು ಹಾಕಿ, ಅದನ್ನೇ ಮುಂಬಯಿಯ ಗ್ಯಾಲರಿ ಎಂದು ಘೋಷಿಸಲಾಯಿತು. ಊರಿನ ಗಣ್ಯರು ಮದುವೆಯ ಕೋಟುಗಳನ್ನು ಪೆಟ್ಟಿಗೆಯಿಂದ ತೆಗೆದು ಡಾಂಬರುಗುಳಿಗೆಯ ವಾಸನೆಯೊಡನೆ ಕಲಾರಸಿಕರಾಗಿ ಬಂದು ನಿಂತರು. ರಕ್ತಕ್ಕೆ ಬೆಲ್ಲದ ಪಾಕದಲ್ಲಿ ಕುಂಕುಮ ಕಲಸಿದ್ದರಿಂದ, ನುಂಗಿಸಿಕೊಳ್ಳಲು ಅದನ್ನು ಮೆತ್ತಿಕೊಂಡು ಬಿದ್ದ ಗೊಬ್ಬರದಂಗಡಿಯ ಶೆಟ್ಟರು ಇರುವೆ ಮುತ್ತಿ ಎರಡೆರಡು ಸಲ ಎದ್ದು ಓಡಿದರು. ಎಲ್ಲಕ್ಕಿಂತ ದೊಡ್ಡ ತೊಡಕು ನಿವೃತ್ತ ಹೆಡ್ಮಾಸ್ತರದು. ಅವರದು ಮುಖ್ಯ ವಿಮರ್ಶಕನ ಪಾತ್ರ. ಚಿತ್ರದ ಮುಂದೆ ನಿಂತು ಮೂಗು ಮುರಿದು "ಇದು ಕಸ" ಎನ್ನಬೇಕು. ಅವರು ಚಿತ್ರದ ಮುಂದೆ ನಿಲ್ಲುವರು, ಕನ್ನಡಕ ಏರಿಸುವರು, ನೋಡುವರು, ಮತ್ತೆ ನೋಡುವರು, ಆಮೇಲೆ "ಭಾಳ ಚೊಲೋ ಐತಿ" ಎಂದುಬಿಡುವರು.

"ಸರ್, ಕಸ ಅನ್ರಿ! ರೀಲು ಖಾಲಿ ಆಗಾಕತ್ತೈತಿ!" ಎಂದು ಭೀಮಣ್ಣ ತಲೆ ಚಚ್ಚಿಕೊಂಡ.

"ಹೆಂಗ ಅನ್ಲಿಪಾ? ಮೂವತ್ತು ವರ್ಷ ಮಾಸ್ತರಕಿ ಮಾಡೀನಿ. ಕಣ್ಣ ಮುಂದ ಬರಾಬರ್ ಇದ್ದದ್ದಕ್ಕ ತಪ್ಪು ಅಂತ ಗುರುತು ಹಾಕಿಲ್ಲ," ಎಂದು ಹೆಡ್ಮಾಸ್ತರು ಪಟ್ಟು ಹಿಡಿದರು. ಆರನೆಯ ಸಲಕ್ಕೂ ಅದೇ ಮಾತು. ಕಡೆಗೆ ಭೀಮಣ್ಣ ಕೈಚೆಲ್ಲಿದ. ನಾನು ಗೋದಾಮಿನ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತ, ಮುಂಬಯಿಯ ಗ್ಯಾಲರಿಗಳಲ್ಲಿ ಇಂಥ ಒಬ್ಬ ವಿಮರ್ಶಕನಿದ್ದಿದ್ದರೆ ಭೀಮಣ್ಣ ಈ ಸಿನಿಮಾ ತೆಗೆಯುವ ಪ್ರಸಂಗವೇ ಬರುತ್ತಿರಲಿಲ್ಲವಲ್ಲ ಎಂದುಕೊಂಡೆ.

ಒಂದು ವರ್ಷ ಕಳೆದು ಸಿನಿಮಾ ನಮ್ಮ ಟಾಕೀಸಿಗೆ ಬಂತು. ನಾನು ಊರೆಲ್ಲ ಸಾರಿದ್ದೆ. ಕಚೇರಿಯ ಕಡತಗಳಿಗಿಂತ ಹೆಚ್ಚು ಶ್ರದ್ಧೆಯಿಂದ ಮನೆಮನೆಗೆ ಹೋಗಿ, ಪರದೆಯ ಮೇಲೆ ಹೆಂಡತಿಯ ಹೆಸರು ಬರುತ್ತದೆಂದು ತಿಳಿಸಿದ್ದೆ. ಮಧ್ಯಾಹ್ನದ ಆಟಕ್ಕೆ ಸುರಪುರದಿಂದ ಅವಳ ಅಣ್ಣಂದಿರು ಬಂದರು, ಗೋಗಿಯಿಂದ ಟಂಟಂ ಆಟೋ ತುಂಬಿ ಜನ ಬಂದರು, ನನ್ನ ಕಚೇರಿಯ ಅರ್ಧ ಸಿಬ್ಬಂದಿ ಕೆಲಸ ಬಿಟ್ಟು ಬಂತು. ಮಲ್ಲಮ್ಮ ಹಸಿರು ಇಳಕಲ್ ಸೀರೆಯುಟ್ಟು ನನ್ನ ಪಕ್ಕದಲ್ಲಿ ಕೂತಳು. ಉಗುರಿನ ಸಂದಿಯ ಬಣ್ಣವನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತಿಕ್ಕಿ ತೆಗೆದಿದ್ದಳು.

ಸಿನಿಮಾ ಕೆಟ್ಟದಾಗಿತ್ತು. ಸ್ನೇಹದ ದಾಕ್ಷಿಣ್ಯಕ್ಕೂ ಬೇರೆ ಮಾತು ಹೇಳಲಾರೆ. ಅರ್ಧ ದೃಶ್ಯಗಳಲ್ಲಿ ಕತ್ತಲು, ಉಳಿದರ್ಧದಲ್ಲಿ ಟ್ಯೂಬ್‌ಲೈಟಿನ ಪಟ್ಟಿ. ಮುಂಬಯಿಯೆಂದು ತೋರಿಸಿದ ಕಿಟಕಿಯಾಚೆ ನಮ್ಮೂರಿನ ಮಲಗಿದ ಬುದ್ಧನ ಗುಡ್ಡ ಸ್ಪಷ್ಟವಾಗಿ ಕಾಣಿಸಿಕೊಂಡು, ಜನ ಎದ್ದು ನಿಂತು ಕೈ ತಟ್ಟಿದರು. ಹೆಡ್ಮಾಸ್ತರ ದೃಶ್ಯದಲ್ಲಿ ಬೇರೆ ಯಾರದೋ ದನಿ ಸೇರಿಸಿದ್ದರು; ದನಿ "ಇದು ಕಸ" ಎನ್ನುತ್ತಿತ್ತು, ತುಟಿಗಳು ಮಾತ್ರ "ಭಾಳ ಚೊಲೋ ಐತಿ" ಎನ್ನುತ್ತಿದ್ದವು. ಅವರ ಕೈಯಲ್ಲಿ ಕಲಿತ ಊರು ಅದು, ತುಟಿಯನ್ನೇ ನಂಬಿತು. ಇನ್ನು ದೆವ್ವ ಬರುವ ಹೊತ್ತು. ಬಾಗಿಲು ಕಿರುಗುಟ್ಟಿತು, ಗಾಳಿ ಬೀಸಿತು, ಡೋಲು ಬಡಿಯಿತು, ಕ್ಯಾಮೆರಾ ಮೆಲ್ಲಗೆ ಚಿತ್ರದ ಹತ್ತಿರ ಹೋಗಿ ಆ ಮುಖ ಇಡೀ ಪರದೆಯನ್ನು ತುಂಬಿತು. ಒಂದು ಗಳಿಗೆ ಇಡೀ ಟಾಕೀಸು ಉಸಿರು ಹಿಡಿಯಿತು. ಭೀಮಣ್ಣ ಬಯಸಿದ ಹೆದರಿಕೆ ಬಂದೇ ಬಂತೆಂದು ನಾನೂ ತಿಳಿದೆ.

"ಏ, ಇಕಿ ನಮ್ಮ ತಿಪ್ಪವ್ವಾಯಿ ಅದಾಳಲ್ಲೋ!" ಎಂದು ಗೋಗಿಯ ಬೆಂಚುಗಳಿಂದ ಒಂದು ದನಿ ಕೂಗಿತು.

ಅಷ್ಟೇ ಸಾಕಾಯಿತು. ಗೋಗಿಯ ಜನ ಎದ್ದರು, ಶಿಳ್ಳೆ ಹೊಡೆದರು, ಕೈಮುಗಿದರು. "ಯಾಯೀ, ನುಂಗಬ್ಯಾಡ ನನ್ನ, ನನ್ನ ಹೊಕ್ಕಳ ಕೊಯ್ದಾಕಿ ನೀನ!" ಎಂದು ನಲವತ್ತು ದಾಟಿದ ಮೀಸೆಯ ಮನುಷ್ಯನೊಬ್ಬ ಕೂಗಿದ. ಆ ಮುಖವೇ ಅಡರಿಕೊಂಡು ಬಂದು ಗೊಬ್ಬರದಂಗಡಿಯ ಶೆಟ್ಟರನ್ನು ನುಂಗಿದಾಗ ಜಯಕಾರ ಎದ್ದಿತು. ಹೆದರಿಕೆಯ ಸಿನಿಮಾ ಅಲ್ಲಿಗೆ ಮುಗಿದೇಹೋಯಿತು. ಗುರುತು ಸಿಕ್ಕ ಮುಖಕ್ಕೆ ಯಾರು ಅಂಜುತ್ತಾರೆ? ಕ್ಯಾಮೆರಾ ಕೆಟ್ಟದ್ದು, ಕಥೆ ಕುಂಟಿದ್ದು, ದನಿ ತಪ್ಪಿದ್ದು ಎಲ್ಲ ಸರಿ; ಆದರೆ ಆ ಸಿನಿಮಾವನ್ನು ನಿಜವಾಗಿ ಕೊಂದದ್ದು ನನ್ನ ಹೆಂಡತಿಯ ಕೈಯ ಒಳ್ಳೆಯತನ. ಗಂಡನಾದವನು ಇದಕ್ಕೆ ನಾಚಬೇಕಿತ್ತೇನೋ, ನನ್ನ ಎದೆ ಮಾತ್ರ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತ್ತು.

ಆ ಉಬ್ಬು ಬಹಳ ಹೊತ್ತು ಉಳಿಯಲಿಲ್ಲ. ಮೊದಲಲ್ಲಿ ಬಂದದ್ದು ನಟರ ಹೆಸರುಗಳು ಮಾತ್ರ. ಕೆಲಸಗಾರರ ಹೆಸರು ಕೊನೆಗಿದೆಯೆಂದು ಭೀಮಣ್ಣ ಹೇಳಿದ್ದ. ಕೊನೆಯ ಹೊತ್ತಿಗೆ ನಕ್ಕು ದಣಿದ ಜನ ಎದ್ದು ಬಾಗಿಲತ್ತ ನಡೆದಿದ್ದರು. ನಮ್ಮ ಟಾಕೀಸಿನ ಪದ್ಧತಿ ನಿಮಗೆ ಗೊತ್ತಿರಲಿ: ಜನ ಎದ್ದರೆ ಆಟ ಮುಗಿಯಿತು. ಆಪರೇಟರು ಅಭ್ಯಾಸದಂತೆ ಯಂತ್ರ ನಿಲ್ಲಿಸಿ ದೀಪ ಹಾಕಿದ. ಪರದೆ ಬೆಳ್ಳಗಾಯಿತು. ನಾನು ಕುರ್ಚಿಯ ಮೇಲೆ ಹತ್ತಿ, "ಕೂಡ್ರಿ! ಹೆಸರು ಬರೋದೈತಿ, ಕೂಡ್ರಿ!" ಎಂದು ಅರಚಿದೆ, ಮೆಟ್ಟಿಲು ಹಾರಿ ಮೇಲಿನ ಕೋಣೆಗೆ ಓಡಿ ಆಪರೇಟರನ ಜೊತೆ ತಕರಾರು ತೆಗೆದೆ.

"ಖಾಲಿ ಹಾಲಿಗೆ ಯಾರು ತೋರಸ್ತಾರ್ರಿ? ನಾಳೆ ಬರ್ರಿ, ನಾಳೆ ಪೂರಾ ಓಡಸ್ತೀನಿ," ಎಂದ ಅವನು.

ಮರುದಿನ ಟಾಕೀಸಿನ ಮುಂದೆ ಬೇರೆ ಸಿನಿಮಾದ ಪೋಸ್ಟರು ಇತ್ತು. 'ಬಣ್ಣ ಕುಡಿದ ಗೋಡೆ' ಮತ್ತೆ ಎಲ್ಲಿಯೂ ಓಡಲಿಲ್ಲ. ಆ ಡಬ್ಬಿಯೊಳಗೆ ಎಲ್ಲೋ ಅವಳ ಹೆಸರು ಇದೆ, ಬೆಳಕು ಕಾಣದೆ.

ನನಗೆ ಅಳು ಬಂದಿತ್ತೆಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಮಲ್ಲಮ್ಮ ಅಳಲಿಲ್ಲ. ಇಳಕಲ್ ಸೀರೆಯನ್ನು ಮಡಿಚಿ ಪೆಟ್ಟಿಗೆಗೆ ಹಾಕಿ, ಯಾರದೋ ಬೀಜದಂಗಡಿಯ ಫಲಕಕ್ಕೆ ಬಿಳಿ ಬಳಿಯಲು ಕೂತಳು. ಎರಡು ದಿನ ಅದೇ ಫಲಕದ ಅಕ್ಷರಗಳನ್ನು ತಿದ್ದಿದಳು. ಮೂರನೆಯ ದಿನ ಭೀಮಣ್ಣ ಹನ್ನೆರಡು ಚಿತ್ರಗಳನ್ನು ಟಂಟಂನಲ್ಲಿ ಹೇರಿಕೊಂಡು ಬಂದು, ಗೋಡೆಗೆ ಒರಗಿಸಿಟ್ಟು, "ಮಾಫ್ ಮಾಡು ಯಕ್ಕಾ. ಸಿನಿಮಾನೂ ಹೋತು, ನಿನ್ನ ಹೆಸರೂ ಹೋತು," ಎಂದು ತಲೆ ತಗ್ಗಿಸಿ ನಿಂತ. ಇವಳು ಅವನಿಗೆ ಚಹಾ ಕೊಟ್ಟು, "ನಿಂದೂ ಹೋಗೇತಲ್ಲಪಾ," ಎಂದಳು. ಸಿಟ್ಟಿನ ಲವಲೇಶವೂ ಆ ಮಾತಿನಲ್ಲಿರಲಿಲ್ಲ.

ನಾಲ್ಕನೆಯ ಮುಂಜಾನೆ ನಾನು ಕಚೇರಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ ಗೋಗಿಯ ಕಡೆಯ ಟಂಟಂ ಬಾಗಿಲ ಮುಂದೆ ನಿಂತಿತು. ಕೋಲೂರಿಕೊಂಡು ಇಳಿದವಳು ಸಾಕ್ಷಾತ್ ತಿಪ್ಪವ್ವ. "ನನ್ನ ದೆವ್ವ ಮಾಡಿದಾಕಿ ಯಾಕಿ?" ಎಂದು ಅಂಗಳದಿಂದಲೇ ಗುಡುಗಿದಳು. ಟಾಕೀಸಿನಲ್ಲಿ ಬಾರದ ಹೆದರಿಕೆ ನನಗೆ ಅಂಗಳದಲ್ಲಿ ಬಂತು. ಮಲ್ಲಮ್ಮ ಅವಳ ಕೈಹಿಡಿದು ಒಳಗೆ ಕರೆತಂದು ಆ ಚಿತ್ರದ ಮುಂದೆ ನಿಲ್ಲಿಸಿದಳು.

ಮುದುಕಿ ನೋಡಿದಳು. ಕೋಲನ್ನು ಗೋಡೆಗೆ ಒರಗಿಸಿ, ಹತ್ತಿರ ಹೋಗಿ, ಚಿತ್ರದ ಹಣೆಯನ್ನು ಮುಟ್ಟಿ, ತನ್ನ ಹಣೆಯನ್ನು ಮುಟ್ಟಿಕೊಂಡಳು. ಅವಳ ಒಂದು ಫೋಟೋವನ್ನೂ ಅದುವರೆಗೆ ಯಾರೂ ತೆಗೆದಿರಲಿಲ್ಲವಂತೆ.

"ಹಿಂಗ ಅದೀನೇನು ನಾನು?" ಎಂದಳು. ಗುಡುಗು ಎಲ್ಲಿಯೋ ಹೋಗಿತ್ತು. ಚಿತ್ರದ ನತ್ತಿನ ಮೇಲೆ ಬೆರಳಾಡಿಸಿ, "ಇದನ್ನ ಒಯ್ತೀನಿ ತಂಗಿ. ನನ್ನ ಮನ್ಯಾಗ ಇರ್ಲಿ," ಎಂದಳು. ಮಲ್ಲಮ್ಮ ತಲೆಯಾಡಿಸಿ ಹಳೆಯ ಸೀರೆಯಲ್ಲಿ ಅದನ್ನು ಸುತ್ತಲು ಹೊರಟಾಗ ಮುದುಕಿ ತಡೆದಳು. ಚೌಕಟ್ಟನ್ನು ಮೂಲೆಮೂಲೆಗೂ ಹುಡುಕುತ್ತಿದ್ದಳು. "ಇದನ್ನ ಹಡದಾಕಿ ಹೆಸರು ಎಲ್ಲೈತಿ?"

"ನಮ್ಮನ್ಯಾಗ ಹೆಸರು ಹಾಕಂಗಿಲ್ಲ ಯಾಯೀ."

"ಯಾಕ ಹಾಕಂಗಿಲ್ಲ? ಎಷ್ಟು ಕೂಸು ಕೈಯಾಗ ಹಿಡದೀನಿ, ತಾಯಿ ಯಾರಂತ ಹೇಳದ ಒಂದನ್ನೂ ಹೊರಗ ಕಳಿಸಿಲ್ಲ. ಬರಿ. ಬರಿಯೋತನಕ ನಾ ಇಲ್ಲೇ ಕೂಡತೀನಿ." ಹಾಗೆಂದು ಆ ಮಹಾತಾಯಿ ನಮ್ಮ ನಡುಮನೆಯಲ್ಲಿ ಗಟ್ಟಿಯಾಗಿ ಕೂತೇಬಿಟ್ಟಳು.

ಮಲ್ಲಮ್ಮ ನನ್ನ ಕಡೆ ನೋಡಿದಳು. ನಾನು ಚಪ್ಪಲಿ ಬಿಚ್ಚಿ ಒಳಗೆ ಬಂದು ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಏಣಿಯ ಮೇಲೆ ನಿಂತು, ಗಾಳಿ ಬೀಸುತ್ತಿರುವಾಗ, ಗೆರೆ ಹೊಡೆಯದೆ ಊರಿಗೂರೇ ಬರೆದ ಕೈ ಅದು. ಆ ಕೈ ಅಂದು ಕಪ್ಪಿನಲ್ಲಿ ಕುಂಚವದ್ದಿ ಚಿತ್ರದ ತನಕ ಬಂದು ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ಬಂತು. "ಹೆಂಗ ಬರೀಲ್ರಿ?" ಎಂದು ಕೇಳಿದಳು, ಅಕ್ಷರ ಗೊತ್ತಿಲ್ಲದವರ ಹಾಗೆ. ಅಪ್ಪನ ಕಟ್ಟಳೆ ಅವಳ ಮೊಣಕೈಯನ್ನು ಹಿಡಿದಿತ್ತೆಂದು ನನಗೆ ತಿಳಿಯಿತು. ಆ ಕಟ್ಟಳೆ ಮಾವನವರಿಗೆ ದೇವರ ಮೇಲಿನ ಭಕ್ತಿಯಾಗಿದ್ದಿರಬಹುದು. ಅದರ ಫಲವಾಗಿ ಅವರ ಲಕ್ಷ್ಮಿ ಇಂದಿಗೂ ಕಕ್ಕೇರಾದಲ್ಲಿ ಹೈದರಾಬಾದಿನವಳಾಗಿ ಕೂತಿದ್ದಾಳೆ. "ನಿಮ್ಮಪ್ಪಂದೂ ಸೇರಿಸಿ ಬರಿ," ಎಂದೆ.

ಅವಳು ಬರೆದಳು. ಮೊದಲು ಅಪ್ಪನ ಹೆಸರು, ಅದರ ಪಕ್ಕದಲ್ಲಿ 'ಮಗಳು ಮಲ್ಲಮ್ಮ, ಸುರಪುರ'. ಅಷ್ಟಕ್ಕೆ ಇಡೀ ಮುಂಜಾನೆ ಹಿಡಿಯಿತು. ತಿಪ್ಪವ್ವನಿಗೆ ಓದಲು ಬಾರದು; ಬಣ್ಣ ಒಣಗುವವರೆಗೆ ಪ್ರತಿ ಅಕ್ಷರದ ಮೇಲೆ ಬೆರಳು ತೋರಿಸಿ ಇದೇನು, ಇದೇನು ಎಂದು ಕೇಳಿಕೊಂಡು, ಆಮೇಲೆ ಚಿತ್ರವನ್ನು ಕೂಸಿನಂತೆ ಎದೆಗವಚಿಕೊಂಡು ಟಂಟಂ ಹತ್ತಿದಳು.

ನಾನು ಅಂದು ಕಚೇರಿಗೆ ಹೋಗಲೇ ಇಲ್ಲ. ಮರುದಿನ ರಜೆ ಅರ್ಜಿಯಲ್ಲಿ ಕಾರಣವೆಂಬ ಜಾಗದಲ್ಲಿ, ಬಹಳ ಯೋಚಿಸಿ, 'ಮನೆಯಲ್ಲಿ ನಾಮಕರಣ' ಎಂದು ಬರೆದೆ. ಸಾಹೇಬರು ಓದಿ ಕನ್ನಡಕದ ಮೇಲಿಂದ ನೋಡಿದರು.

"ಯಾರ ನಾಮಕರಣ್ರೀ? ಮೊಮ್ಮಗಂದೇನು?"

"ಅಲ್ಲ ಸಾಹೇಬ್ರ, ನನ್ನ ಹೆಂಡತೀದು," ಎಂದೆ, ಇಡೀ ಕಚೇರಿಗೆ ಕೇಳುವ ಹಾಗೆ.